1920ರಲ್ಲಿ ಅಮೆರಿಕದ ಮಹಿಳೆಯರಿಗೆ ಮತದಾನದ ಹಕ್ಕನ್ನು ‘ಕೊಟ್ಟವರು’ ಯಾರು?

ಪ್ರಶ್ನೆ – ರಾಜ್ಯಶಾಸ್ತ್ರ ಉಪನ್ಯಾಸಕಿ, ರಾಜಾಜಿನಗರ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ರಾಜ್ಯಶಾಸ್ತ್ರ ಕಲಿಸುತ್ತೇನೆ. ಕಳೆದ ವಾರ ಸಾರ್ವತ್ರಿಕ ವಯಸ್ಕ ಮತಾಧಿಕಾರದ ಪಾಠ ಮಾಡುವಾಗ, ಬೇರೆ ದೇಶಗಳಲ್ಲಿ ಈ ಹಕ್ಕು ಮಹಿಳೆಯರಿಗೆ ಎಷ್ಟು ತಡವಾಗಿ ದಕ್ಕಿತು ಎಂಬುದನ್ನು ತೋರಿಸಲೆಂದು ಕಪ್ಪುಹಲಗೆಯ ಮೇಲೆ “ಅಮೆರಿಕ – 1920 – 19ನೇ ತಿದ್ದುಪಡಿ” ಎಂದು ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಯಾರು ಕೊಟ್ಟರು, ಮೇಡಂ?” ಎಂದು ಕೇಳಿದಳು. ಅಲ್ಲಿನ ಸಂಸತ್ತು ಕೊಟ್ಟಿತು ಎಂದೆ. “ಅಲ್ಲಿ ಇದ್ದವರೆಲ್ಲ ಗಂಡಸರೇ ಅಲ್ಲವೇ? ಅವರಿಗೆ ಮತ ಹಾಕಿದವರೂ ಗಂಡಸರೇ. ಹಾಗಿದ್ದ ಮೇಲೆ ಅವರಿಗೇಕೆ ಕೊಡಬೇಕೆನ್ನಿಸಿತು?” ಎಂದು ಮತ್ತೆ ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮುಂದಿನ ತರಗತಿಯಲ್ಲಿ ಹೇಳುತ್ತೇನೆಂದು ಅವಳಿಗೆ ಮಾತು ಕೊಟ್ಟು ಬಂದಿದ್ದೇನೆ.

ಮನೆಗೆ ಬಂದು ಓದಲು ಕುಳಿತಾಗ ನನ್ನ ಗೊಂದಲ ಇನ್ನೂ ಹೆಚ್ಚಿತು. ವಯೋಮಿಂಗ್‌ನಲ್ಲಿ ಮಹಿಳೆಯರು 1870ರಲ್ಲಿಯೇ ಮತ ಹಾಕಿದ್ದರೆಂದು ಒಂದು ಕಡೆ ಇದೆ. ಅದಕ್ಕೂ ಸುಮಾರು ನೂರು ವರ್ಷ ಹಿಂದೆ ನ್ಯೂಜೆರ್ಸಿಯಲ್ಲಿ ಮಹಿಳೆಯರಿಗೆ ಮತವಿತ್ತು, ಆಮೇಲೆ ಕಿತ್ತುಕೊಳ್ಳಲಾಯಿತು ಎಂದು ಇನ್ನೊಂದು ಕಡೆ ಇದೆ. ಕಪ್ಪು ಮಹಿಳೆಯರಲ್ಲಿ ಬಹುಪಾಲು ಜನರಿಗೆ 1965ರವರೆಗೂ ಮತ ಹಾಕಲು ಬಿಡಲಿಲ್ಲ ಎಂದು ಮತ್ತೊಂದು ಕಡೆ ಇದೆ. ಈ ಮೂರೂ ನಿಜವಾದರೆ 1920ರಲ್ಲಿ ಆದದ್ದೇನು? ಮಕ್ಕಳ ಮುಂದೆ ಅರ್ಧಸತ್ಯ ಹೇಳಲು ನನಗೆ ಮನಸ್ಸಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1 – ನಿವೃತ್ತ ಇತಿಹಾಸ ಅಧ್ಯಾಪಕ, ಮಲ್ಲೇಶ್ವರ

ಮೇಡಂ, ನೀವು ಓದಿದ ಮೂರೂ ನಿಜ. ಅವು ಒಂದಕ್ಕೊಂದು ವಿರುದ್ಧವಾಗಿ ಕಾಣುವುದಕ್ಕೆ ಕಾರಣ, ನಾವು ನಮ್ಮ ಸಂವಿಧಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕವನ್ನು ನೋಡುವುದು. ಯಾರು ಮತದಾರರು ಎಂಬುದನ್ನು ನಮ್ಮಲ್ಲಿ ಇಡೀ ದೇಶಕ್ಕೆ ಒಂದೇ ಬರಹ ನಿರ್ಧರಿಸುತ್ತದೆ. ಅಮೆರಿಕದ ಮೂಲ ಸಂವಿಧಾನ ಆ ಕೆಲಸವನ್ನು ತಾನು ಮಾಡದೆ ರಾಜ್ಯಗಳಿಗೆ ಬಿಟ್ಟಿತು. ರಾಜ್ಯದ ಶಾಸನಸಭೆಯ ದೊಡ್ಡ ಮನೆಗೆ ಯಾರು ಮತ ಹಾಕಬಲ್ಲರೋ ಅವರೇ ಕೇಂದ್ರದ ಪ್ರತಿನಿಧಿ ಸಭೆಗೂ ಮತ ಹಾಕಲಿ ಎಂದಷ್ಟೇ ಅದು ಹೇಳಿತು. ಆದ್ದರಿಂದ ಮಹಿಳೆಯರು ಗೆಲ್ಲಬೇಕಾಗಿದ್ದ ಕೋಟೆ ಒಂದಲ್ಲ, ರಾಜ್ಯಕ್ಕೊಂದರಂತೆ ಹತ್ತಾರು.

ನ್ಯೂಜೆರ್ಸಿಯ 1776ರ ಸಂವಿಧಾನ 50 ಪೌಂಡುಗಳಷ್ಟು ಆಸ್ತಿಯಿರುವ “ಎಲ್ಲ ನಿವಾಸಿಗಳಿಗೂ” ಮತವಿದೆ ಎಂದಿತ್ತು. ಮದುವೆಯಾದ ಹೆಣ್ಣಿನ ಆಸ್ತಿ ಗಂಡನದೇ ಆಗಿಬಿಡುತ್ತಿದ್ದ ಕಾಲವಾದ್ದರಿಂದ ಅಲ್ಲಿ ಮತ ಹಾಕಿದವರು ಹೆಚ್ಚಾಗಿ ವಿಧವೆಯರು ಮತ್ತು ಅವಿವಾಹಿತೆಯರು. 1807ರಲ್ಲಿ ಅದೇ ರಾಜ್ಯದ ಶಾಸನಸಭೆ ಮತವನ್ನು ಬಿಳಿಯ ಗಂಡಸರಿಗೆ ಸೀಮಿತಗೊಳಿಸಿತು. ರಾಜ್ಯ ಕೊಟ್ಟದ್ದನ್ನು ರಾಜ್ಯ ಹಿಂದಕ್ಕೆ ಪಡೆಯಬಹುದು ಎಂಬ ಪಾಠ ಅಷ್ಟು ಬೇಗ ಸಿಕ್ಕಿತ್ತು.

ಚಳವಳಿಯ ಆರಂಭವನ್ನು ಸಾಮಾನ್ಯವಾಗಿ 1848ರ ಜುಲೈ 19 ಮತ್ತು 20ರಂದು ನ್ಯೂಯಾರ್ಕ್ ರಾಜ್ಯದ ಸೆನೆಕಾ ಫಾಲ್ಸ್ ಎಂಬ ಊರಿನ ಪ್ರಾರ್ಥನಾ ಮಂದಿರದಲ್ಲಿ ನಡೆದ ಸಭೆಯಿಂದ ಗುರುತಿಸುತ್ತಾರೆ. ಅದರ ಬೀಜ ಬಿದ್ದದ್ದು ಮಾತ್ರ ಲಂಡನ್ನಿನಲ್ಲಿ. 1840ರಲ್ಲಿ ಅಲ್ಲಿ ನಡೆದ ಗುಲಾಮಗಿರಿ ವಿರೋಧಿ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಹೋಗಿದ್ದ ಲುಕ್ರೀಷಿಯಾ ಮಾಟ್ ಅವರಿಗೆ, ಹೆಣ್ಣೆಂಬ ಕಾರಣಕ್ಕೆ ಪ್ರತಿನಿಧಿಯ ಸ್ಥಾನ ಕೊಡಲಿಲ್ಲ. ಗಂಡನೊಡನೆ ಬಂದಿದ್ದ ಎಲಿಜಬೆತ್ ಕೇಡಿ ಸ್ಟ್ಯಾಂಟನ್ ಅವರಿಗೆ ಮಾಟ್ ಅವರ ಪರಿಚಯವಾದದ್ದು ಅಲ್ಲಿಯೇ. ಎಂಟು ವರ್ಷಗಳ ನಂತರ ಸೆನೆಕಾ ಫಾಲ್ಸ್‌ನಲ್ಲಿ ಸ್ಟ್ಯಾಂಟನ್ ಓದಿದ ಘೋಷಣೆ, ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ವಾಕ್ಯವನ್ನೇ ತೆಗೆದುಕೊಂಡು “ಎಲ್ಲ ಪುರುಷರೂ ಮಹಿಳೆಯರೂ ಸಮಾನರಾಗಿ ಸೃಷ್ಟಿಯಾಗಿದ್ದಾರೆ” ಎಂದಿತು. ಅದಕ್ಕೆ 68 ಮಹಿಳೆಯರೂ 32 ಪುರುಷರೂ ಸಹಿ ಹಾಕಿದರು. ಸಭೆ ಅಂಗೀಕರಿಸಿದ ನಿರ್ಣಯಗಳಲ್ಲಿ ಸರ್ವಾನುಮತ ಸಿಗದೆ ಹೋದದ್ದು ಒಂದೇ ಒಂದಕ್ಕೆ, ಅದೇ ಮತದಾನದ ನಿರ್ಣಯ. ಆಸ್ತಿ, ಶಿಕ್ಷಣ, ಉದ್ಯೋಗಗಳ ಸಮಾನತೆಯನ್ನು ಒಪ್ಪಿದವರೂ ಮತ ಕೇಳುವುದು ಅತಿಯಾಯಿತೆಂದು ಹಿಂಜರಿದರು. ಆಗ ಎದ್ದು ನಿಂತು ಅದರ ಪರವಾಗಿ ಮಾತನಾಡಿದವರು, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಪತ್ರಿಕೆ ನಡೆಸುತ್ತಿದ್ದ ಫ್ರೆಡರಿಕ್ ಡಗ್ಲಸ್. ಅದರ ನಂತರ ನಿರ್ಣಯ ಅಂಗೀಕಾರವಾಯಿತು. ಮುಂದೆ ಚಳವಳಿಯ ದೊಡ್ಡ ನಾಯಕಿಯಾದ ಸೂಸನ್ ಬಿ. ಆಂಥನಿ ಅವರೂ ಆ ಸಭೆಯಲ್ಲಿದ್ದರೆಂದು ಅನೇಕರು ಭಾವಿಸುತ್ತಾರೆ. ಅವರು ಅಲ್ಲಿರಲಿಲ್ಲ, ಸ್ಟ್ಯಾಂಟನ್ ಅವರನ್ನು ಆಂಥನಿ ಭೇಟಿಯಾದದ್ದೇ 1851ರಲ್ಲಿ.

ಅಂತರ್ಯುದ್ಧ ಮುಗಿದ ಮೇಲೆ ಬಂದ 14ನೇ ಮತ್ತು 15ನೇ ತಿದ್ದುಪಡಿಗಳು ಚಳವಳಿಯನ್ನು ಒಡೆದವು. ಜನಾಂಗದ ಕಾರಣದಿಂದ ಮತ ನಿರಾಕರಿಸಬಾರದೆಂದ 15ನೇ ತಿದ್ದುಪಡಿ ಲಿಂಗದ ಬಗ್ಗೆ ಮೌನವಾಗಿತ್ತು. ಅದನ್ನು ಸ್ಟ್ಯಾಂಟನ್ ಮತ್ತು ಆಂಥನಿ ವಿರೋಧಿಸಿದರು, ಆ ವಿರೋಧದ ನಡುವೆ ಕಪ್ಪು ಗಂಡಸರ ಬಗ್ಗೆ ತೀರಾ ಕೀಳಾದ ಮಾತುಗಳೂ ಬಂದವು. ಲೂಸಿ ಸ್ಟೋನ್ ಮತ್ತು ಅವರ ಜೊತೆಯವರು ಮೊದಲು ಇದಾಗಲಿ ಎಂದರು. 1869ರಲ್ಲಿ ಎರಡು ಬೇರೆ ಸಂಘಗಳಾದವು, ಅವು ಮತ್ತೆ ಒಂದಾಗಲು 1890 ಬರಬೇಕಾಯಿತು. ಒಡೆಯುವ ಮುನ್ನವೇ, 1866ರಲ್ಲಿ, ಕಪ್ಪು ಕವಯಿತ್ರಿ ಫ್ರಾನ್ಸಿಸ್ ಎಲೆನ್ ವಾಟ್ಕಿನ್ಸ್ ಹಾರ್ಪರ್ ನ್ಯೂಯಾರ್ಕ್‌ನ ವೇದಿಕೆಯಲ್ಲಿ “ನಾವೆಲ್ಲರೂ ಮನುಕುಲವೆಂಬ ಒಂದೇ ದೊಡ್ಡ ಕಂತೆಯಲ್ಲಿ ಒಟ್ಟಿಗೆ ಕಟ್ಟಲ್ಪಟ್ಟವರು” ಎಂದು ಎಚ್ಚರಿಸಿದ್ದರು. ಆ ಮಾತಿಗೆ ಕಿವಿಗೊಟ್ಟಿದ್ದರೆ ಮುಂದಿನ ಎಷ್ಟೋ ಕಹಿ ತಪ್ಪುತ್ತಿತ್ತು ಎಂದು ನಾನು ನಂಬುತ್ತೇನೆ.

ನ್ಯಾಯಾಲಯದ ದಾರಿಯನ್ನೂ ಅವರು ತುಳಿದರು. ತಾವು ಪೌರರು, ಆದ್ದರಿಂದ ತಮಗೆ ಮತವಿದೆ ಎಂಬ ವಾದದ ಮೇಲೆ ಆಂಥನಿ 1872ರ ನವೆಂಬರ್ 5ರಂದು ರಾಚೆಸ್ಟರ್ ನಗರದಲ್ಲಿ ಮತ ಹಾಕಿದರು, ಎರಡು ವಾರದೊಳಗೆ ಬಂಧನವಾಯಿತು. ಮರುವರ್ಷದ ವಿಚಾರಣೆಯಲ್ಲಿ ನ್ಯಾಯಾಧೀಶ ವಾರ್ಡ್ ಹಂಟ್ ಜ್ಯೂರಿಗೆ ಯೋಚಿಸಲು ಅವಕಾಶವನ್ನೇ ಕೊಡದೆ, ತಪ್ಪಿತಸ್ಥಳೆಂದು ತೀರ್ಪು ನೀಡಿ ಎಂದು ಸೂಚಿಸಿ 100 ಡಾಲರ್ ದಂಡ ಹಾಕಿದರು. ಒಂದು ಡಾಲರನ್ನೂ ಕಟ್ಟುವುದಿಲ್ಲ ಎಂದು ಆಂಥನಿ ಅಲ್ಲಿಯೇ ಹೇಳಿದರು, ಕಟ್ಟಲೂ ಇಲ್ಲ. ಕಟ್ಟುವವರೆಗೆ ಸೆರೆಯಲ್ಲಿಡಿ ಎಂದು ನ್ಯಾಯಾಧೀಶರು ಆದೇಶಿಸದೆ ಬಿಟ್ಟದ್ದರಿಂದ ಮೇಲಿನ ನ್ಯಾಯಾಲಯಕ್ಕೆ ಹೋಗುವ ದಾರಿಯೂ ಅವರಿಗೆ ಮುಚ್ಚಿತು. 1875ರಲ್ಲಿ ಮಿಸೌರಿಯ ವರ್ಜೀನಿಯಾ ಮೈನರ್ ಅವರ ಮೊಕದ್ದಮೆ ಸುಪ್ರೀಂ ಕೋರ್ಟನ್ನು ಮುಟ್ಟಿತು. ಮದುವೆಯಾದ ಹೆಣ್ಣು ತಾನಾಗಿ ದಾವೆ ಹೂಡುವಂತಿರದ ಕಾರಣ ಗಂಡನೂ ಅದರಲ್ಲಿ ಸೇರಬೇಕಾಯಿತು ಎಂಬುದನ್ನು ನಿಮ್ಮ ವಿದ್ಯಾರ್ಥಿಗಳಿಗೆ ಖಂಡಿತ ಹೇಳಿ. ಮಹಿಳೆಯರು ಪೌರರು ಹೌದು, ಆದರೆ ಪೌರತ್ವದ ಜೊತೆಗೆ ಮತ ಬರುವುದಿಲ್ಲ ಎಂದು ಕೋರ್ಟು ಒಮ್ಮತದಿಂದ ತೀರ್ಪು ಕೊಟ್ಟಿತು.

ಉಳಿದದ್ದು ರಾಜ್ಯಗಳ ದಾರಿ. ವಯೋಮಿಂಗ್ ಆಗ ರಾಜ್ಯವೂ ಆಗಿರದ ಒಂದು ಪ್ರಾಂತ, ಅಲ್ಲಿ ಗಂಡಸರ ಸಂಖ್ಯೆ ಹೆಂಗಸರ ಹಲವು ಪಟ್ಟು. ಹೆಸರು ಬರಲಿ, ಕುಟುಂಬಗಳು ಬಂದು ನೆಲೆಸಲಿ ಎಂಬ ಲೆಕ್ಕವೂ ಸೇರಿ 1869ರ ಡಿಸೆಂಬರ್ 10ರಂದು ಅಲ್ಲಿ ಮಹಿಳೆಯರ ಮತಾಧಿಕಾರ ಕಾನೂನಾಯಿತು; ಮರುವರ್ಷ ಲಾರಮಿ ಎಂಬ ಊರಿನಲ್ಲಿ ಲೂಯಿಸಾ ಸ್ವೇನ್ ಎಂಬ ಹಿರಿಯ ಮಹಿಳೆ ಮತ ಹಾಕಿದರು. ಯೂಟಾದಲ್ಲಿ 1870ರಲ್ಲಿ ಬಂದ ಹಕ್ಕನ್ನು 1887ರಲ್ಲಿ ಕೇಂದ್ರದ ಸಂಸತ್ತೇ ಕಿತ್ತುಕೊಂಡಿತು. 1893ರಲ್ಲಿ ಕೊಲೊರಾಡೊದ ಗಂಡಸರು ಜನಮತಗಣನೆಯಲ್ಲಿ ಒಪ್ಪಿದರು, 1896ರಲ್ಲಿ ಐಡಾಹೊ ಸೇರಿತು, ಯೂಟಾ ಮರಳಿ ಬಂದಿತು. ಆಮೇಲೆ ಹದಿನಾಲ್ಕು ವರ್ಷ ಒಂದು ರಾಜ್ಯವೂ ಬರಲಿಲ್ಲ.

ಉತ್ತರ 2 – ವಕೀಲ, ಬಸವನಗುಡಿ

ಹಿರಿಯರು ಇಷ್ಟು ವಿವರವಾಗಿ ಬರೆದ ಮೇಲೆ ನಾನು ಸೇರಿಸಬೇಕಾದದ್ದು ವ್ಯಾಕರಣಕ್ಕೆ ಸಂಬಂಧಿಸಿದ ಒಂದೇ ವಿಷಯ. 19ನೇ ತಿದ್ದುಪಡಿಯ ಮುಖ್ಯ ವಾಕ್ಯವನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: “ಸಂಯುಕ್ತ ಸಂಸ್ಥಾನದ ಪೌರರ ಮತದಾನದ ಹಕ್ಕನ್ನು ಸಂಯುಕ್ತ ಸಂಸ್ಥಾನವಾಗಲಿ, ಯಾವುದೇ ರಾಜ್ಯವಾಗಲಿ, ಲಿಂಗದ ಕಾರಣದಿಂದ ನಿರಾಕರಿಸತಕ್ಕದ್ದಲ್ಲ, ಮೊಟಕುಗೊಳಿಸತಕ್ಕದ್ದೂ ಅಲ್ಲ.” ಇದರಲ್ಲಿ ‘ಕೊಡುವ’ ಕ್ರಿಯಾಪದವೇ ಇಲ್ಲ. ‘ಮಹಿಳೆ’ ಎಂಬ ಪದವೂ ಇಲ್ಲ. ಒಂದು ಕಾರಣವನ್ನು ಮಾತ್ರ ರಾಜ್ಯಗಳ ಕೈಯಿಂದ ಕಿತ್ತುಕೊಳ್ಳಲಾಗಿದೆ, ಉಳಿದ ಕಾರಣಗಳನ್ನು ಈ ವಾಕ್ಯ ಮುಟ್ಟಲಿಲ್ಲ. ತಲೆಗಂದಾಯ ಕಟ್ಟಿಲ್ಲ, ಓದು ಬರಹದ ಪರೀಕ್ಷೆಯಲ್ಲಿ ಪಾಸಾಗಲಿಲ್ಲ, ನೋಂದಣಿಯ ಗಡುವು ಮುಗಿದಿದೆ ಎಂದು ಹೇಳಿ ಅದೇ ಹೆಣ್ಣನ್ನು ಮತಗಟ್ಟೆಯಿಂದ ಹಿಂದಕ್ಕೆ ಕಳುಹಿಸಿದರೆ ಈ ವಾಕ್ಯದ ಉಲ್ಲಂಘನೆಯಾಗುವುದಿಲ್ಲ. 1920ರ ನವೆಂಬರಿನ ಅಧ್ಯಕ್ಷೀಯ ಚುನಾವಣೆಯಲ್ಲಿಯೇ ಜಾರ್ಜಿಯಾ ಮತ್ತು ಮಿಸಿಸಿಪ್ಪಿ ರಾಜ್ಯಗಳು, ಚುನಾವಣೆಗೆ ಹಲವು ತಿಂಗಳ ಮೊದಲೇ ನೋಂದಾಯಿಸಿರಬೇಕೆಂಬ ನಿಯಮವನ್ನು ತೋರಿಸಿ ಮಹಿಳೆಯರನ್ನು, ಬಿಳಿಯರನ್ನೂ ಸೇರಿಸಿ, ಹೊರಗಿಟ್ಟವು.

ನಮ್ಮ 326ನೇ ವಿಧಿಯನ್ನು ಪಕ್ಕದಲ್ಲಿಟ್ಟು ಓದಿದರೆ ವ್ಯತ್ಯಾಸ ಮಕ್ಕಳಿಗೂ ತಿಳಿಯುತ್ತದೆ. ಲೋಕಸಭೆ ಮತ್ತು ವಿಧಾನಸಭೆಗಳ ಚುನಾವಣೆ ವಯಸ್ಕ ಮತಾಧಿಕಾರದ ಆಧಾರದ ಮೇಲೆ ನಡೆಯಬೇಕು, ನಿಗದಿತ ವಯಸ್ಸಿನ ಪ್ರತಿಯೊಬ್ಬ ಪೌರನೂ ಮತದಾರನಾಗಿ ನೋಂದಾಯಿಸಿಕೊಳ್ಳಲು ಹಕ್ಕುಳ್ಳವನು ಎಂದು ಅದು ನೇರವಾಗಿ ಹೇಳುತ್ತದೆ. ಅಮೆರಿಕದ ವಾಕ್ಯ ಬೇಲಿಯ ಒಂದು ಗೂಟವನ್ನು ಕಿತ್ತಿತು, ನಮ್ಮ ವಾಕ್ಯ ಬಾಗಿಲನ್ನು ಕಟ್ಟಿ ತೆರೆದಿಟ್ಟಿತು.

‘ಪುರುಷ’ ಎಂಬ ಪದ ಅಮೆರಿಕದ ಸಂವಿಧಾನವನ್ನು ಮೊದಲ ಸಲ ಪ್ರವೇಶಿಸಿದ್ದು 1868ರ 14ನೇ ತಿದ್ದುಪಡಿಯ ಎರಡನೆಯ ಭಾಗದಲ್ಲಿ. ಅಲ್ಲಿಯವರೆಗೆ ಅಸ್ಪಷ್ಟವಾಗಿದ್ದ ಹೊರಗಿಡುವಿಕೆ ಆಗ ಅಕ್ಷರರೂಪಕ್ಕೆ ಬಂದಿತು. ಸ್ಟ್ಯಾಂಟನ್ ಮತ್ತು ಆಂಥನಿ ಅವರ ಕೋಪಕ್ಕೆ ನಿಜವಾದ ಕಾರಣ ಅದೇ. ಆ ಕೋಪ ಯಾರ ಮೇಲೆ ತಿರುಗಿತು ಎಂಬುದನ್ನು ಹಿರಿಯರು ಹೇಳಿಯೇ ಇದ್ದಾರೆ.

ಉತ್ತರ 3 – ಗೃಹಿಣಿ ಮತ್ತು ಓದುಗಿ, ಜಯನಗರ

ವಿದ್ಯಾರ್ಥಿನಿ ಕೇಳಿದ್ದು ಗಂಡಸರಿಗೆ ಏಕೆ ಕೊಡಬೇಕೆನ್ನಿಸಿತು ಎಂದು. ಅದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ. ನನಗೆ ತೋರುವ ಉತ್ತರ ಇಷ್ಟು: ಹೆಚ್ಚಿನವರಿಗೆ ಕೊಡಬೇಕೆನ್ನಿಸಲಿಲ್ಲ, ಕೊಡದಿದ್ದರೆ ತಮಗೆ ನಷ್ಟವೆಂಬ ಸ್ಥಿತಿಯನ್ನು ಮಹಿಳೆಯರು ರಾಜ್ಯದ ಮೇಲೆ ರಾಜ್ಯ ಗೆದ್ದು ತಂದರು.

1910ರಲ್ಲಿ ವಾಷಿಂಗ್ಟನ್ ರಾಜ್ಯ ಆ ಹದಿನಾಲ್ಕು ವರ್ಷಗಳ ಬರವನ್ನು ಮುರಿಯಿತು. 1911ರಲ್ಲಿ ಕ್ಯಾಲಿಫೋರ್ನಿಯಾದ ಗಂಡಸರು ಕೇವಲ 3,587 ಮತಗಳ ಅಂತರದಲ್ಲಿ ಒಪ್ಪಿದರು. ರಾಜ್ಯದ ಮತಗಟ್ಟೆಗಳಿಗೆಲ್ಲ ಹಂಚಿದರೆ ಅದು ಗಟ್ಟೆಗೆ ಹೆಚ್ಚುಕಡಿಮೆ ಒಂದು ಮತ. 1915ರಲ್ಲಿ ನ್ಯೂಯಾರ್ಕ್‌ನಲ್ಲಿ ಸೋತವರು ಎರಡೇ ವರ್ಷದಲ್ಲಿ ಮತ್ತೆ ಮನೆಮನೆ ಹತ್ತಿ ಇಳಿದು 1917ರಲ್ಲಿ ಗೆದ್ದರು. ಹೀಗೆ ಗೆದ್ದ ಪ್ರತಿ ರಾಜ್ಯದ ಸಂಸದನೂ ಇನ್ನು ಮುಂದೆ ಮಹಿಳೆಯರ ಮುಂದೆಯೂ ಮತಕ್ಕಾಗಿ ನಿಲ್ಲಬೇಕಾಯಿತು, ಆದ್ದರಿಂದ ಕೇಂದ್ರದ ತಿದ್ದುಪಡಿಯ ವಿರುದ್ಧ ಕೈ ಎತ್ತುವ ಧೈರ್ಯ ಅವನಿಗೆ ಕಡಿಮೆಯಾಗುತ್ತ ಬಂದಿತು. ರಾಷ್ಟ್ರೀಯ ಸಂಘದ ಅಧ್ಯಕ್ಷೆ ಕ್ಯಾರಿ ಚಾಪ್‌ಮನ್ ಕ್ಯಾಟ್ 1916ರಲ್ಲಿ ಹಾಕಿಕೊಂಡ ಯೋಜನೆಯ ತಿರುಳು ಇದೇ. ಅದೇ ವರ್ಷ ಮೊಂಟಾನಾ ರಾಜ್ಯ ಜೆನೆಟ್ ರ್‍ಯಾಂಕಿನ್ ಅವರನ್ನು ಪ್ರತಿನಿಧಿ ಸಭೆಗೆ ಆರಿಸಿ ಕಳುಹಿಸಿತು. ದೇಶದ ಮಹಿಳೆಯರಲ್ಲಿ ಬಹುಪಾಲು ಮತವಿಲ್ಲದಿದ್ದ ಕಾಲದಲ್ಲಿ ಸಂಸತ್ತಿನಲ್ಲಿ ಒಬ್ಬ ಮಹಿಳೆ ಕುಳಿತಿದ್ದರು.

ಇನ್ನೊಂದು ಕಡೆಯಿಂದ ಆಲಿಸ್ ಪಾಲ್ ಮತ್ತು ಲೂಸಿ ಬರ್ನ್ಸ್ ಬಂದರು. ಇಬ್ಬರೂ ಇಂಗ್ಲೆಂಡಿನ ಚಳವಳಿಯಲ್ಲಿ ಜೈಲು ಕಂಡವರು. 1917ರ ಜನವರಿ 10ರಿಂದ ಅವರ ಪಕ್ಷದ ಮಹಿಳೆಯರು ಅಧ್ಯಕ್ಷರ ಶ್ವೇತಭವನದ ಗೇಟಿನ ಮುಂದೆ ಬ್ಯಾನರ್ ಹಿಡಿದು ಮೌನವಾಗಿ ನಿಂತರು. “ಅಧ್ಯಕ್ಷರೇ, ಸ್ವಾತಂತ್ರ್ಯಕ್ಕಾಗಿ ಮಹಿಳೆಯರು ಇನ್ನೆಷ್ಟು ಕಾಲ ಕಾಯಬೇಕು?” ಎಂದು ಅದರ ಮೇಲೆ ಬರೆದಿತ್ತು. ಮಳೆ ಚಳಿ ಲೆಕ್ಕಿಸದೆ ನಿಂತರು. ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕೆ ಇಳಿದ ಮೇಲೂ ಅವರು ಹೋಗಲಿಲ್ಲ. ಪ್ರಜಾಪ್ರಭುತ್ವಕ್ಕಾಗಿ ಯುರೋಪಿನಲ್ಲಿ ಹೋರಾಡುತ್ತೇವೆಂದು ಹೇಳುವ ಸರಕಾರದ ಮನೆಬಾಗಿಲಲ್ಲಿ ನಿಂತು ಅದೇ ಪ್ರಜಾಪ್ರಭುತ್ವವನ್ನು ಕೇಳುವುದು ಆಗ ದ್ರೋಹದಂತೆ ಕಂಡಿತು. ಸಂಚಾರಕ್ಕೆ ಅಡ್ಡಿ ಎಂಬ ಆರೋಪದ ಮೇಲೆ ಬಂಧನಗಳು ಶುರುವಾದವು, ಸುಮಾರು 168 ಮಹಿಳೆಯರು ಸೆರೆವಾಸ ಅನುಭವಿಸಿದರು. ನವೆಂಬರ್ 14ರ ರಾತ್ರಿ ವರ್ಜೀನಿಯಾದ ಆಕೊಕ್ವಾನ್ ಕಾರಾಗೃಹದಲ್ಲಿ ಕಾವಲುಗಾರರು ಅವರನ್ನು ಎಳೆದಾಡಿದರು, ಲೂಸಿ ಬರ್ನ್ಸ್ ಅವರ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ ಕೋಣೆಯ ಸರಳುಗಳಿಗೆ ಬೇಡಿ ಹಾಕಿ ನಿಲ್ಲಿಸಿದರು. ಉಪವಾಸ ಕುಳಿತ ಆಲಿಸ್ ಪಾಲ್ ಅವರಿಗೆ ಕೊಳವೆ ತೂರಿಸಿ ಬಲವಂತವಾಗಿ ಆಹಾರ ಇಳಿಸಿದರು. ಈ ಬಂಧನಗಳು ಕಾನೂನುಬಾಹಿರವೆಂದು ಮರುವರ್ಷ ಮೇಲ್ಮನವಿ ನ್ಯಾಯಾಲಯ ಹೇಳಿತು. ಉಪವಾಸವೂ ಜೈಲೂ ನಮ್ಮ ಸ್ವಾತಂತ್ರ್ಯ ಹೋರಾಟದ ನೆನಪಿನಲ್ಲಿ ಬೆರೆತುಹೋಗಿರುವುದರಿಂದ ಈ ಭಾಗವನ್ನು ಓದುವಾಗಲೆಲ್ಲ ನನಗೆ ಕಣ್ಣು ತುಂಬಿ ಬರುತ್ತದೆ.

1918ರ ಜನವರಿ 10ರಂದು, ಗೇಟಿನ ಮುಂದೆ ನಿಂತು ಸರಿಯಾಗಿ ಒಂದು ವರ್ಷಕ್ಕೆ, ಪ್ರತಿನಿಧಿ ಸಭೆ ತಿದ್ದುಪಡಿಯನ್ನು 274ಕ್ಕೆ 136ರಂತೆ ಒಪ್ಪಿತು. ಬೇಕಾಗಿದ್ದದ್ದು ಮೂರನೇ ಎರಡು ಭಾಗ, ಲೆಕ್ಕ ಹಾಕಿ ನೋಡಿ, ಒಂದು ಮತ ಕಡಿಮೆಯಾಗಿದ್ದರೂ ಬಿದ್ದುಹೋಗುತ್ತಿತ್ತು. ಆಸ್ಪತ್ರೆಯ ಹಾಸಿಗೆಯಿಂದ ಎದ್ದು ಬಂದ ಸದಸ್ಯರೂ ಇದ್ದರು. ಸೆಪ್ಟೆಂಬರ್ 30ರಂದು ಅಧ್ಯಕ್ಷ ವಿಲ್ಸನ್ ತಾವೇ ಸೆನೆಟ್‌ಗೆ ಹೋಗಿ, ಯುದ್ಧಕಾಲದಲ್ಲಿ ಇದು ಅಗತ್ಯ ಎಂದು ಕೇಳಿಕೊಂಡರೂ ಮರುದಿನ ಎರಡು ಮತ ಸಾಲದೆ ಹೋಯಿತು. 1919ರ ಫೆಬ್ರವರಿಯಲ್ಲಿ ಒಂದು ಮತ ಸಾಲಲಿಲ್ಲ. ಹೊಸ ಸಂಸತ್ತು ಬಂದ ಮೇಲೆ ಜೂನ್ 4ರಂದು ಸೆನೆಟ್ 56ಕ್ಕೆ 25ರಂತೆ ಒಪ್ಪಿತು.

ಅಲ್ಲಿಗೂ ಮುಗಿಯಲಿಲ್ಲ. 48 ರಾಜ್ಯಗಳಲ್ಲಿ 36 ಅನುಮೋದಿಸಬೇಕಿತ್ತು. 1920ರ ಮಾರ್ಚ್ ಹೊತ್ತಿಗೆ 35 ಆಗಿದ್ದವು, ಒಂದು ಬೇಕಿತ್ತು. ಆಗಸ್ಟ್‌ನಲ್ಲಿ ಟೆನೆಸಿಯ ರಾಜಧಾನಿ ನ್ಯಾಶ್‌ವಿಲ್‌ಗೆ ಪರವಿರೋಧದವರೆಲ್ಲ ಬಂದು ಇಳಿದರು. ಪರವಾಗಿದ್ದವರು ಹಳದಿ ಗುಲಾಬಿ, ವಿರೋಧಿಗಳು ಕೆಂಪು ಗುಲಾಬಿ ಮುಡಿದರು. ಮಹಿಳೆಯರಿಗೆ ಮತ ಬಂದರೆ ಮದ್ಯದ ಮೇಲೆ ಕುತ್ತು ಎಂದು ಹೆದರಿದವರು, ಕಾರ್ಖಾನೆಗಳಲ್ಲಿ ಮಕ್ಕಳ ದುಡಿಮೆಗೆ ತಡೆ ಬಂದೀತೆಂದು ಹೆದರಿದವರು, ಕಪ್ಪು ಮಹಿಳೆಯರೂ ಮತಗಟ್ಟೆಗೆ ಬಂದಾರು ಎಂದು ಹೆದರಿದವರು ಎಲ್ಲರೂ ಕೆಂಪಿನ ಕಡೆ. ಕೆಳಮನೆಯಲ್ಲಿ ಪ್ರಸ್ತಾವವನ್ನು ಬದಿಗಿಡುವ ಸೂಚನೆಗೆ 48–48 ಸಮ ಮತ ಬಿದ್ದವು. ಆಮೇಲೆ ಅನುಮೋದನೆಗೇ ಮತ ಹಾಕುವಾಗ, ಕೆಂಪು ಗುಲಾಬಿ ಮುಡಿದಿದ್ದ, 24 ವರ್ಷದ ಸದಸ್ಯ ಹ್ಯಾರಿ ಬರ್ನ್ ‘ಹೌದು’ ಎಂದರು. ಅವರ ಜೇಬಿನಲ್ಲಿ ತಾಯಿ ಫೆಬ್ ಬರ್ನ್ ಬರೆದಿದ್ದ ಪತ್ರವಿತ್ತು. ಒಳ್ಳೆಯ ಹುಡುಗನಾಗಿ ಕ್ಯಾಟ್ ಅವರಿಗೆ ನೆರವಾಗು ಎಂದು ಆಕೆ ಬರೆದಿದ್ದರು. ಮಗ ತಾಯಿಯ ಮಾತನ್ನು ಕೇಳುವುದೇ ಕ್ಷೇಮ ಎಂದು ಅವರು ಮರುದಿನ ಸಭೆಯಲ್ಲಿ ಕಾರಣ ಕೊಟ್ಟರು. ಅದು ಆಗಸ್ಟ್ 18. ಎಂಟು ದಿನಗಳ ನಂತರ ವಿದೇಶಾಂಗ ಕಾರ್ಯದರ್ಶಿ ಬೈನ್‌ಬ್ರಿಜ್ ಕೋಲ್ಬಿ ಬೆಳಗಿನ ಹೊತ್ತು ತಮ್ಮ ಮನೆಯಲ್ಲಿ, ಚಳವಳಿಗಾರ್ತಿಯರು ಯಾರೂ ಎದುರಿಗಿಲ್ಲದೆ, ಕಾಗದಕ್ಕೆ ಸಹಿ ಹಾಕಿದರು.

ಉತ್ತರ 4 – ಸಂಶೋಧನಾ ವಿದ್ಯಾರ್ಥಿನಿ, ಜ್ಞಾನಭಾರತಿ

ಜಯನಗರದ ಅಕ್ಕ ಬರೆದದ್ದನ್ನು ಓದಿ ನನಗೂ ಮೈ ಜುಮ್ಮೆಂದಿತು. ಆದರೆ ಹ್ಯಾರಿ ಬರ್ನ್ ಅವರ ತಾಯಿಯ ಪತ್ರದಲ್ಲಿ ಈ ಕಥೆ ಮುಗಿದರೆ ಮೂರನೆಯ ಗೊಂದಲ ಹಾಗೆಯೇ ಉಳಿಯುತ್ತದೆ.

1913ರ ಮಾರ್ಚ್ 3ರಂದು, ವಿಲ್ಸನ್ ಅಧಿಕಾರ ಸ್ವೀಕರಿಸುವ ಹಿಂದಿನ ದಿನ, ಆಲಿಸ್ ಪಾಲ್ ಅವರ ಮುಂದಾಳುತನದಲ್ಲಿ ವಾಷಿಂಗ್ಟನ್ ನಗರದಲ್ಲಿ ದೊಡ್ಡ ಮೆರವಣಿಗೆ ನಡೆಯಿತು. ದಕ್ಷಿಣದ ಬಿಳಿಯ ಮಹಿಳೆಯರು ಬೇಸರಗೊಳ್ಳದಿರಲೆಂದು, ಷಿಕಾಗೊದಿಂದ ಬಂದಿದ್ದ ಪತ್ರಕರ್ತೆ ಐಡಾ ಬಿ. ವೆಲ್ಸ್ ಅವರಿಗೆ ತಮ್ಮ ರಾಜ್ಯದವರೊಡನೆ ನಡೆಯಬೇಡಿ, ಹಿಂದೆ ಕಪ್ಪು ಮಹಿಳೆಯರ ಸಾಲಿನಲ್ಲಿ ನಡೆಯಿರಿ ಎಂದು ಹೇಳಲಾಯಿತು. ಅವರು ಒಪ್ಪಲಿಲ್ಲ. ಜನರ ನಡುವೆ ನಿಂತು ಕಾದಿದ್ದು, ಇಲಿನಾಯ್ಸ್ ತಂಡ ಹತ್ತಿರ ಬಂದಾಗ ಸಾಲಿನೊಳಗೆ ಸೇರಿಕೊಂಡು ಅವರೊಡನೆಯೇ ನಡೆದರು. ಅದೇ ವರ್ಷ ಅವರು ಷಿಕಾಗೊದಲ್ಲಿ ಕಪ್ಪು ಮಹಿಳೆಯರಿಗಾಗಿ ಆಲ್ಫಾ ಸಫ್ರಿಜ್ ಕ್ಲಬ್ ಕಟ್ಟಿದರು. ಇಲಿನಾಯ್ಸ್ ಮಹಿಳೆಯರಿಗೆ ನಗರಸಭೆಯ ಮತ ಬಂದ ಕೂಡಲೇ ಆ ಸಂಘ ಬೀದಿಬೀದಿ ತಿರುಗಿ ಹೆಸರು ನೋಂದಾಯಿಸಿತು, ಷಿಕಾಗೊ ನಗರಸಭೆಗೆ ಮೊದಲ ಕಪ್ಪು ಸದಸ್ಯ 1915ರಲ್ಲಿ ಆರಿಸಿ ಬರಲು ಅದು ನೆರವಾಯಿತು. ಹೊರಗಿಡಲ್ಪಟ್ಟವರು ಸುಮ್ಮನೆ ಕಾಯುತ್ತ ಕುಳಿತಿರಲಿಲ್ಲ ಎಂಬುದನ್ನು ನಿಮ್ಮ ತರಗತಿಯಲ್ಲಿ ಹೇಳಬೇಕೆಂದು ನನ್ನ ಮನವಿ.

1920ರ ನಂತರ ದಕ್ಷಿಣದ ರಾಜ್ಯಗಳು ಕಪ್ಪು ಗಂಡಸರ ಮೇಲೆ ಬಳಸುತ್ತಿದ್ದ ಅಸ್ತ್ರಗಳನ್ನೇ ಕಪ್ಪು ಹೆಂಗಸರ ಮೇಲೂ ಬಳಸಿದವು. ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ 18 ವರ್ಷ ದುಡಿದ ಫ್ಯಾನಿ ಲೂ ಹೇಮರ್ 1962ರ ಆಗಸ್ಟ್ 31ರಂದು ನೋಂದಾಯಿಸಿಕೊಳ್ಳಲು ಹೋದಾಗ, ರಾಜ್ಯದ ಸಂವಿಧಾನದ ಒಂದು ಭಾಗವನ್ನು ಬರೆದು ಅರ್ಥ ವಿವರಿಸಿ ಎಂದರು. ಪರೀಕ್ಷೆಯಲ್ಲಿ ಫೇಲಾದರು, ಮನೆಗೆ ಬಂದಾಗ ತೋಟದಿಂದಲೇ ಹೊರದಬ್ಬಲಾಯಿತು. 19ನೇ ತಿದ್ದುಪಡಿಗೆ ಆಗ 42 ವರ್ಷ. ಆಕೆಯನ್ನು ತಡೆದವರು ‘ಹೆಣ್ಣು’ ಎಂಬ ಕಾರಣ ಹೇಳಲಿಲ್ಲವಾದ್ದರಿಂದ, ವಕೀಲರು ತೋರಿಸಿದ ಆ ವಾಕ್ಯ ಆಕೆಯ ನೆರವಿಗೆ ಬರಲಿಲ್ಲ. ಜನಾಂಗದ ಕಾರಣವನ್ನು ತಡೆಯಬೇಕಾಗಿದ್ದ 15ನೇ ತಿದ್ದುಪಡಿಯನ್ನು ಪರೀಕ್ಷೆ, ತೆರಿಗೆಗಳ ಮುಸುಕಿನಲ್ಲಿ ದಶಕಗಳಿಂದ ತಪ್ಪಿಸಲಾಗಿತ್ತು. 1965ರ ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾಯ್ದೆ ಬಂದು, ಆ ಪರೀಕ್ಷೆಗಳನ್ನು ನಿಲ್ಲಿಸಿ, ಕೇಂದ್ರದ ಅಧಿಕಾರಿಗಳೇ ಹೋಗಿ ನೋಂದಾಯಿಸುವಂತಾದ ಮೇಲೆ ದಾರಿ ತೆರೆಯಿತು.

ಉಳಿದವರ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಮೂಲನಿವಾಸಿಗಳೆಲ್ಲರಿಗೂ ಪೌರತ್ವ ಬಂದದ್ದು 1924ರಲ್ಲಿ, ಆಮೇಲೂ ಅರಿಜೋನಾ ಮತ್ತು ನ್ಯೂ ಮೆಕ್ಸಿಕೊ 1948ರವರೆಗೆ ಅವರನ್ನು ತಡೆದವು. ಚೀನಾದಿಂದ ಬಂದವರು 1943ರವರೆಗೂ, ಭಾರತದಿಂದ ಹೋದ ನಮ್ಮವರು 1946ರವರೆಗೂ ಪೌರತ್ವಕ್ಕೆ ಅರ್ಜಿ ಹಾಕುವಂತೆಯೇ ಇರಲಿಲ್ಲ, ಹೀಗಾಗಿ ಆ ಮನೆಗಳ ವಲಸೆ ಬಂದ ಹೆಂಗಸರಿಗೆ 1920 ಬಂದದ್ದೂ ಹೋದದ್ದೂ ಒಂದೇ ಆಗಿತ್ತು.

ಮರುಉತ್ತರ – ನಿವೃತ್ತ ಇತಿಹಾಸ ಅಧ್ಯಾಪಕ, ಮಲ್ಲೇಶ್ವರ

ಜಯನಗರದ ತಾಯಿಯವರ ಬರಹಕ್ಕೆ ನನ್ನ ಒಂದು ಸಣ್ಣ ಭಿನ್ನಾಭಿಪ್ರಾಯವಿದೆ. ಜೈಲಿನ ಕಥೆ ಮನಸ್ಸನ್ನು ಹಿಡಿಯುತ್ತದೆ, ಹಿಡಿಯಬೇಕಾದದ್ದೇ. ಆದರೆ ಅದರ ನೆರಳಿನಲ್ಲಿ ಸಪ್ಪೆಯಾಗಿ ಕಾಣುವ ಕೆಲಸ ಮರೆಯಾಗಬಾರದು. ಹಿಂದಿರುಗಿ ನೋಡಿ ಕ್ಯಾಟ್ ಒಂದು ಲೆಕ್ಕ ಕೊಟ್ಟಿದ್ದಾರೆ: 52 ವರ್ಷಗಳಲ್ಲಿ ಗಂಡಸರ ಮುಂದೆ 56 ಜನಮತಗಣನೆಗಳು, ಅಂಥ ಜನಮತಗಣನೆ ನಡೆಸಿ ಎಂದು ಶಾಸನಸಭೆಗಳ ಮುಂದೆ 480 ಪ್ರಚಾರಗಳು, ರಾಜ್ಯಗಳ ಪಕ್ಷ ಸಮಾವೇಶಗಳ ಮುಂದೆ 277, ಒಂದರ ನಂತರ ಒಂದರಂತೆ 19 ಸಂಸತ್ತುಗಳ ಮುಂದೆ 19. ಹೆಚ್ಚಿನವುಗಳಲ್ಲಿ ಸೋಲು. ಸಹಿ ಸಂಗ್ರಹಿಸಿ, ಚಂದಾ ಎತ್ತಿ, ಊರೂರು ತಿರುಗಿ ಸೋತು ಮನೆಗೆ ಬಂದು ಮರುವರ್ಷ ಮತ್ತೆ ಹೊರಟವರ ಹೆಸರುಗಳು ನಮಗೆ ಗೊತ್ತಿಲ್ಲ. ವಿದ್ಯಾರ್ಥಿನಿ ‘ಯಾರು ಕೊಟ್ಟರು’ ಎಂದು ಕೇಳಿದಾಗ ನಾನಾಗಿದ್ದರೆ ಈ ಅಂಕಿಗಳನ್ನೇ ಹಲಗೆಯ ಮೇಲೆ ಬರೆಯುತ್ತಿದ್ದೆ.

ಪ್ರಶ್ನೆ ಕೇಳಿದವರಿಂದ – ರಾಜ್ಯಶಾಸ್ತ್ರ ಉಪನ್ಯಾಸಕಿ, ರಾಜಾಜಿನಗರ

ನಿಮ್ಮೆಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿನ್ನೆ ತರಗತಿಯಲ್ಲಿ ಮೊದಲು 19ನೇ ತಿದ್ದುಪಡಿಯ ವಾಕ್ಯವನ್ನೂ ಅದರ ಕೆಳಗೆ 326ನೇ ವಿಧಿಯ ವಾಕ್ಯವನ್ನೂ ಬರೆಸಿದೆ, ಆಮೇಲೆ ಸರ್ ಕೊಟ್ಟ ಅಂಕಿಗಳನ್ನು ಬರೆದೆ. ನಮ್ಮಲ್ಲಿ ವಾಕ್ಯ ಉದಾರವಾಗಿದ್ದರೂ 1951–52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಹೇಳಿ ತಮ್ಮ ಹೆಸರು ಹೇಳದೆ ಉಳಿದ ಸುಮಾರು 28 ಲಕ್ಷ ಮಹಿಳೆಯರನ್ನು, ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಕಾಲದಲ್ಲಿ ಮತದಾರರ ಪಟ್ಟಿಯಿಂದ ಬಿಡಬೇಕಾಯಿತು ಎಂಬುದನ್ನೂ ಸೇರಿಸಿದೆ, ಏಕೆಂದರೆ ಬರಹದಲ್ಲಿರುವ ಹಕ್ಕಿಗೂ ಮತಗಟ್ಟೆಗೂ ನಡುವಿನ ದೂರವನ್ನು ಅಮೆರಿಕದ ಕಥೆಯಾಗಿ ಮಾತ್ರ ಹೇಳುವುದು ನ್ಯಾಯವಲ್ಲ ಎನ್ನಿಸಿತು.

ಅದೇ ಹುಡುಗಿ ಮತ್ತೆ ಎದ್ದು ನಿಂತಳು. ಸೆನೆಕಾ ಫಾಲ್ಸ್‌ನಲ್ಲಿ ಸಹಿ ಹಾಕಿದ 68 ಮಹಿಳೆಯರಲ್ಲಿ ಯಾರಾದರೂ 1920ರಲ್ಲಿ ಮತ ಹಾಕಿದರೇ ಎಂದು ಕೇಳಿದಳು. ಇದಕ್ಕೂ ಉತ್ತರ ಬೇಕಾಗಿದೆ.

ಉತ್ತರ – ಸಂಶೋಧನಾ ವಿದ್ಯಾರ್ಥಿನಿ, ಜ್ಞಾನಭಾರತಿ

ಮೇಡಂ, ಅವರಲ್ಲಿ 1920ರಲ್ಲಿ ಬದುಕಿದ್ದವರು ಒಬ್ಬರೇ, ಷಾರ್ಲಟ್ ವುಡ್‌ವರ್ಡ್. 1848ರಲ್ಲಿ ಅವರು ಮನೆಯಲ್ಲಿ ಕೂಲಿಗೆ ಕೈಗವಸು ಹೊಲಿಯುತ್ತಿದ್ದ, ಇಪ್ಪತ್ತೂ ತುಂಬದ ಹುಡುಗಿ. 72 ವರ್ಷಗಳ ನಂತರ ಮತದಾನದ ದಿನ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು, ಕಾಯಿಲೆಯಿಂದಾಗಿ ಮತಗಟ್ಟೆಗೆ ಹೋಗಲಾಗಲಿಲ್ಲ.